ಹಳೆಯ ಸ್ಟಾಕ್ ಕಾರಿನ ಚಾಸಿ: ಅಸಲಿ ಎಂದರೆ ಯಾವ ಭಾಗ ಅಸಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನ ಕಡೆಯವನು, ಕೆಲಸದ ಮೇಲೆ ಅಮೆರಿಕದ ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ನ್ಯಾಸ್ಕಾರ್ (ರಸ್ತೆಯ ಕಾರಿನಂಥ ಸ್ಟಾಕ್ ಕಾರುಗಳು ಅಂಡಾಕಾರದ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತಾ ಓಡುವ ರೇಸು) ಹುಚ್ಚು ಹಿಡಿದಿದೆ. ಹತ್ತಿರದ ಊರಿನಲ್ಲಿ 1967ರ ಫೋರ್ಡ್ ಫೇರ್‌ಲೇನ್ ಸ್ಟಾಕ್ ಕಾರೊಂದು ಮಾರಾಟಕ್ಕಿದೆ, ಎಂಜಿನ್ ಇಲ್ಲ. 1967ರಿಂದ 69ರ ತನಕ ರೇಸಿನಲ್ಲಿ ಓಡಿದ್ದು, ಫೋರ್ಡ್ ರೇಸ್ ಕಾರು ಕಟ್ಟುತ್ತಿದ್ದ ಹೋಲ್ಮನ್-ಮೂಡಿಯವರ ಅಸಲಿ ಹಾಫ್ ಚಾಸಿ ಎಂದು ಮಾರುವವರು ಹೇಳುತ್ತಾರೆ. ಡ್ಯಾಶ್ ಮೇಲೆ ರಿವೆಟ್ ಹೊಡೆದ ನಂಬರ್ ಪ್ಲೇಟ್ ಇದೆ. ಕೆಳಗೆ ಮಲಗಿ ನೋಡಿದೆ: ಮುಂದಿನ ಅರ್ಧಕ್ಕೆ ದಪ್ಪ ಫ್ರೇಮ್, ಹಿಂದೆ ಬರೀ ಫ್ಲೋರ್. ರೋಲ್ ಕೇಜಿನಲ್ಲಿ (ಕಾರು ಉರುಳಿದರೆ ಚಾಲಕನನ್ನು ಕಾಯುವ ಕೊಳವೆಗಳ ಪಂಜರ) ಎರಡು ಥರದ ವೆಲ್ಡಿಂಗ್ ಕಾಣುತ್ತದೆ. ಟೇಪ್ ಹಿಡಿದರೆ ಎಡಗಡೆಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಬಲಗಡೆಗಿಂತ ಅರ್ಧ ಇಂಚು ಕಮ್ಮಿ. ನನ್ನ ಗೆಳೆಯ, "ಆಕ್ಸಿಡೆಂಟ್ ಆಗಿ ಫ್ರೇಮ್ ಬೆಂಡ್ ಆಗಿದೆ. ಇಂಥವೆಲ್ಲ ಡೂಪ್ಲಿಕೇಟೇ. ಫೋರ್ಡಿನ ದೊಡ್ಡ ಕಾರು ಗ್ಯಾಲಕ್ಸಿಯ ಒಂದು ಫ್ರೇಮ್ ತಂದು, ಸೈಲೆನ್ಸರ್ ಅಂಗಡಿಯಲ್ಲಿ ಪೈಪ್ ಬೆಂಡ್ ಮಾಡಿಸಿ ನಾವೇ ಕಟ್ಟೋಣ" ಅನ್ನುತ್ತಾನೆ. ಹಳೆಯ ಕಾರುಗಳ ಈವೆಂಟ್‌ಗಳಲ್ಲಿ ಓಡಿಸುವ ಆಸೆ ನನಗಿದೆ. ಕೊಳ್ಳಲೋ, ಕಟ್ಟಲೋ, ಬಿಡಲೋ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಈ ಕಾರು ಮಾರುವವರು ಹೇಳಿದ್ದೇ ಹೌದೋ ಅಲ್ಲವೋ, ಫ್ರೇಮ್ ನೆಟ್ಟಗಿದೆಯೋ ಇಲ್ಲವೋ, ಇದರಲ್ಲಿ ಕೂತು ವೇಗವಾಗಿ ಓಡಿಸಬಹುದೋ ಬಾರದೋ. ಮೂರಕ್ಕೂ ಉತ್ತರ ಬೇರೆ ಬೇರೆ. ಅಸಲಿ ಕಾರು ಸೊಟ್ಟಗಿರಬಹುದು, ನಕಲಿ ಕಾರು ಭದ್ರವಾಗಿರಬಹುದು. ಮಾರುವವರ ಮಾತನ್ನೂ ಗೆಳೆಯರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಇಂಥ ಕಾರಿನಲ್ಲಿ ನಂಬಬೇಕಾದ ದಾಖಲೆ ಒಂದೇ: ಮುಂದಿನ ಫ್ರೇಮ್ ತುಂಡು, ಅದು ಬಾಡಿಗೆ ಸೇರಿದ ಜಾಗ, ಆ ಜಾಗದ ವೆಲ್ಡಿಂಗ್. ಬಣ್ಣ, ನಂಬರ್, ಪ್ಲೇಟ್ ಎಲ್ಲ ಆಮೇಲೆ.

ನೀವು ನೋಡಿದ್ದು, ಅಂದರೆ ಮುಂದೆ ಫ್ರೇಮ್ ಹಿಂದೆ ಬರೀ ಫ್ಲೋರ್ ಎನ್ನುವುದು, ತಪ್ಪಲ್ಲ. ಹಾಫ್ ಚಾಸಿ ಎಂದರೆ ಅದೇ. ಅದು ಯಾಕೆ ಹುಟ್ಟಿತು ಅನ್ನುವುದು ತಿಳಿದರೆ ಎಲ್ಲಿ ನೋಡಬೇಕು ಅನ್ನುವುದೂ ತಿಳಿಯುತ್ತದೆ.

ಸ್ಟಾಕ್ ಕಾರು ಶೋರೂಮಿನಿಂದ ಬಂದ ಹಾಗೇ ಇತ್ತು ಎನ್ನುವ ಮಾತು ಮೊದಲ ರೇಸಿಗೇ ಸುಳ್ಳಾಗಿತ್ತು. 1949ರ ಜೂನ್ 19ರಂದು ನಿಮ್ಮ ಶಾರ್ಲಟ್‌ನಲ್ಲೇ, ಮುಕ್ಕಾಲು ಮೈಲಿಯ ಮಣ್ಣಿನ ಟ್ರ್ಯಾಕಿನಲ್ಲಿ, ನ್ಯಾಸ್ಕಾರಿನ ಮೊದಲ ಸ್ಟ್ರಿಕ್ಟ್ಲಿ ಸ್ಟಾಕ್ ರೇಸ್ ನಡೆಯಿತು. 1947ರ ಫೋರ್ಡ್ ಓಡಿಸಿದ ಗ್ಲೆನ್ ಡನವೇ ಮೊದಲು ಬಂದರು. ತಪಾಸಣೆಯಲ್ಲಿ ಆ ಕಾರಿನ ಹಿಂದಿನ ಸ್ಪ್ರಿಂಗನ್ನು ಅಗಲಿಸಿದ್ದು ಸಿಕ್ಕಿಬಿತ್ತು. ಕಳ್ಳಭಟ್ಟಿ ಸಾಗಿಸುವವರು ಭಾರ ಹೇರಿದಾಗಲೂ ಕಾರು ಹಿಡಿತದಲ್ಲಿರಲಿ ಎಂದು ಮಾಡುತ್ತಿದ್ದ ಉಪಾಯ ಅದು. ಡನವೇ ಅನರ್ಹರಾಗಿ ಲಿಂಕನ್ ಓಡಿಸಿದ ಜಿಮ್ ರೋಪರ್ ಗೆದ್ದರು. ಚಾಸಿ ಬದಲಾವಣೆಯೂ ಅದರ ಪತ್ತೆಯೂ ಹೀಗೆ ಒಂದೇ ದಿನ ಶುರುವಾದವು.

1950ರ ದಶಕದಲ್ಲಿ ಬದಲಾವಣೆಗಳಿಗೆ ಮುಖ್ಯ ಕಾರಣ ಮುರಿತ. ರಸ್ತೆಯ ಕಾರಿನ ಆ್ಯಕ್ಸಲ್, ಹಬ್, ವೀಲ್ ಡಿಸ್ಕ್ ಯಾವುದೂ ಒಂದೇ ಕಡೆಗೆ ಗಂಟೆಗಟ್ಟಲೆ ತಿರುಗಲು ಮಾಡಿದ್ದಲ್ಲ. ಸಾಮಾನ್ಯ ಕಾರಿನಲ್ಲಿ ಹಿಂದಿನ ಚಕ್ರ ಕೂತಿರುವುದು ಆ್ಯಕ್ಸಲ್ ಶಾಫ್ಟಿನ ತುದಿಯ ಮೇಲೆಯೇ. ಶಾಫ್ಟ್ ತುಂಡಾದರೆ ಚಕ್ರವೇ ಹೊರಟುಹೋಗುತ್ತದೆ. ಇದಕ್ಕೆ ಪರಿಹಾರ ಲಾರಿಯಲ್ಲಿದ್ದ ಫುಲ್ ಫ್ಲೋಟಿಂಗ್ ಹಬ್: ಚಕ್ರದ ಭಾರವನ್ನು ಹೌಸಿಂಗಿನ ಮೇಲಿನ ಬೇರಿಂಗುಗಳು ಹೊರುತ್ತವೆ, ಶಾಫ್ಟ್ ಬರೀ ತಿರುಗಿಸುತ್ತದೆ, ಮುರಿದರೂ ಚಕ್ರ ಅಲ್ಲೇ ಇರುತ್ತದೆ. 1952ರಲ್ಲಿ 34ರಲ್ಲಿ 27 ರೇಸ್ ಗೆದ್ದ ಹಡ್ಸನ್ ಕಂಪನಿ ಇಂಥ ಗಟ್ಟಿ ಭಾಗಗಳನ್ನು 'ಸಿವಿಯರ್ ಯೂಸೇಜ್' ಎಂಬ ಹೆಸರಿನಲ್ಲಿ ಅಧಿಕೃತ ಬಿಡಿಭಾಗಗಳಾಗಿಯೇ ಮಾರುತ್ತಿತ್ತು. ಹೆಸರು ಟ್ಯಾಕ್ಸಿಗೋ ಪೊಲೀಸ್ ಗಾಡಿಗೋ ಎಂಬಂತಿದ್ದರೂ ಕೆಲಸ ರೇಸಿನದು.

ಆ ತನಕ ರೇಸಿನಲ್ಲಿ ಓಡುತ್ತಿದ್ದ ಫೋರ್ಡಿನ ದೊಡ್ಡ ಕಾರಿಗೆ ಪೂರ್ತಿ ಫ್ರೇಮ್ ಇದ್ದುದರಿಂದ ಅದಕ್ಕೇ ಪಟ್ಟಿ ಬೆಸೆದು ಗಟ್ಟಿ ಮಾಡಿದರೆ ಸಾಕಿತ್ತು. ತೊಂದರೆ ಬಂದದ್ದು 1966ರ ಹೊತ್ತಿಗೆ, ರೇಸು ಮಧ್ಯಮ ಗಾತ್ರದ ಕಾರುಗಳತ್ತ ತಿರುಗಿದಾಗ. ಫೇರ್‌ಲೇನ್, ಅದೇ ಕಂಪನಿಯ ಮರ್ಕ್ಯುರಿ ಕಾಮೆಟ್ ಎರಡಕ್ಕೂ ಬೇರೆ ಫ್ರೇಮ್ ಇಲ್ಲ, ಬಾಡಿಯೇ ಫ್ರೇಮ್. ಮುಂದಿನ ಸ್ಪ್ರಿಂಗ್ ಮೇಲಿನ ಆರ್ಮಿನ ಮೇಲೆ ಕೂತು, ಎಂಜಿನ್ ಪಕ್ಕದ ತಗಡಿನ ಟವರಿಗೆ ಹೊಡೆತ ಕೊಡುತ್ತದೆ. 427 ಕ್ಯೂಬಿಕ್ ಇಂಚಿನ ದೊಡ್ಡ ಎಂಜಿನ್ನಿಗೆ ಆ ಟವರುಗಳ ನಡುವೆ ಜಾಗ ಸಾಲದು, ತಿರುವಿನಲ್ಲಿ ಓರೆಯಾಗಿ ಎತ್ತರಿಸಿದ ಬ್ಯಾಂಕಿಂಗ್ ಟ್ರ್ಯಾಕಿನ ಹೊಡೆತಕ್ಕೆ ಆ ತಗಡೂ ತಾಳದು. ರೇಸ್ ತಂಡದ ಒಡೆಯ ಬಡ್ ಮೂರ್ ಇದಕ್ಕೆ ದಾರಿ ಕಂಡುಕೊಂಡರು: ಫೈರ್‌ವಾಲ್ (ಎಂಜಿನ್ನಿಗೂ ಚಾಲಕನಿಗೂ ನಡುವಿನ ತಗಡಿನ ಗೋಡೆ) ಮುಂದಿನದನ್ನೆಲ್ಲ ಕತ್ತರಿಸಿ ತೆಗೆದು, ದೊಡ್ಡ ಗ್ಯಾಲಕ್ಸಿಯ ಫ್ರೇಮಿನ ಮುಂಭಾಗವನ್ನು ಅಲ್ಲಿ ಬೆಸೆಯುವುದು. ಅವರ ಕಾಮೆಟ್‌ನಲ್ಲಿ ಡ್ಯಾರೆಲ್ ಡೀರಿಂಜರ್ 1966ರ ಸದರ್ನ್ 500 ಗೆದ್ದರು. ಹೋಲ್ಮನ್-ಮೂಡಿ ಅದೇ ಮಾರ್ಗ ಹಿಡಿದು ಕಟ್ಟಿದ ಫೇರ್‌ಲೇನಿನಲ್ಲಿ ಮಾರಿಯೊ ಆಂಡ್ರೆಟ್ಟಿ 1967ರ ಡೇಟೋನಾ 500 ಗೆದ್ದರು. ಹೊಸ ಸಸ್ಪೆನ್ಷನ್ ಕಂಡುಹಿಡಿಯುವ ಗೋಜಿಲ್ಲ. ಗ್ಯಾಲಕ್ಸಿ ಕಾಲದಲ್ಲಿ ಪಳಗಿಸಿಕೊಂಡ ಸ್ಪಿಂಡಲ್ (ಮುಂಚಕ್ರ ಕೂರುವ ಅಚ್ಚು), ಹಬ್, ಸ್ಟಿಯರಿಂಗ್ ಲಿಂಕೇಜ್ ಎಲ್ಲ ಹಾಗೇ ಬಂದವು.

ಈ ಮುಂಭಾಗದ ಒಂದು ಗುರುತು ಮನಸ್ಸಿನಲ್ಲಿರಲಿ. ಇದು ರಿಯರ್ ಸ್ಟಿಯರ್: ಚಕ್ರ ತಿರುಗಿಸುವ ಟೈ ರಾಡುಗಳು ಮುಂದಿನ ಚಕ್ರದ ಮಧ್ಯರೇಖೆಯ ಹಿಂದೆ ಇರುತ್ತವೆ. ಕೆಳಗಿನ ಆರ್ಮ್ ಒಂಟಿಯಾಗಿದ್ದು, ಅದರಿಂದ ಒಂದು ಸ್ಟ್ರಟ್ ರಾಡ್ ಮುಂದಕ್ಕೆ ಹೋಗಿ ಫ್ರೇಮಿಗೆ ಸೇರುತ್ತದೆ. ಕಾಯಿಲ್ ಸ್ಪ್ರಿಂಗ್ ಕೆಳಗಿನ ಆರ್ಮಿನ ಮೇಲೆ ಕೂತಿರುತ್ತದೆ, ಅದರ ನೆತ್ತಿಯಲ್ಲಿ ಎತ್ತರ ಹೊಂದಿಸುವ ದಪ್ಪ ಸ್ಕ್ರೂ ಜ್ಯಾಕ್. ಚಕ್ರಕ್ಕೆ ಎರಡೆರಡು ಶಾಕ್ ಅಬ್ಸಾರ್ಬರ್. ಹಿಂದೆ ಲೀಫ್ ಸ್ಪ್ರಿಂಗ್. ನೀವು ನೋಡಿದ ಕಾರಿನಲ್ಲಿ ಟೈ ರಾಡ್ ಮುಂದಿದ್ದರೆ ಅದು ಬಹುತೇಕ 1970ರ ನಂತರದ ಶೆವರ್ಲೆ ಕಮಾರೋದ ಮುಂಭಾಗದ ತುಂಡು. ಸಣ್ಣ ಟ್ರ್ಯಾಕಿನವರು ಆ ದಶಕದಲ್ಲಿ ಸಿಕ್ಕ ಸಿಕ್ಕ ಕಾರಿಗೆಲ್ಲ ಅದನ್ನೇ ಹಾಕಿದರು. ಹಾಗಿದ್ದರೆ ಮಾರುವವರ ಕಥೆಯನ್ನು ಮುಂದೆ ಕೇಳುವ ಅಗತ್ಯವೇ ಇಲ್ಲ.

ಕ್ರೈಸ್ಲರ್ ಕಡೆಯವರು ಬೇರೆ ದಾರಿ ಹಿಡಿದರು. ಬಾಡಿ-ಫ್ರೇಮ್ ಒಂದೇ ಆಗಿದ್ದ ಕಾರನ್ನು ಕತ್ತರಿಸದೆ, ಟಾರ್ಷನ್ ಬಾರ್ ಉಳಿಸಿಕೊಂಡು, ಕೇಜಿನಿಂದಲೇ ಹಿಂದು ಮುಂದನ್ನು ಬಿಗಿದರು. ನಿಮ್ಮ ಕಾರಿಗೆ ಅದು ಸಂಬಂಧವಿಲ್ಲ.

ಇನ್ನು ಪ್ಲೇಟ್. ಹಿತ್ತಾಳೆಯೋ ಅಲ್ಯೂಮಿನಿಯಮ್ಮೋ ಒಂದು ತಗಡಿನ ಮೇಲೆ ಅಕ್ಷರ ಒತ್ತಿ ನಾಲ್ಕು ರಿವೆಟ್ ಹೊಡೆಯಲು ಅರ್ಧ ಗಂಟೆ ಸಾಕು. ಪ್ಲೇಟ್ ಅಸಲಿಯೇ ಆಗಿದ್ದರೂ ಅದು ಡ್ಯಾಶಿಗೆ ಸೇರಿದ್ದು, ಡ್ಯಾಶ್ ಒಂದು ಕಾರಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಹೋಲ್ಮನ್-ಮೂಡಿ ಭಾಗಗಳನ್ನು ಅವರೇ ದೇಶದ ತುಂಬ ಮಾರುತ್ತಿದ್ದರು. ಅವರ ಹಬ್, ಸ್ಪಿಂಡಲ್ ಇದ್ದ ಮಾತ್ರಕ್ಕೆ ಕಾರು ಅವರ ಗ್ಯಾರೇಜಿನಲ್ಲಿ ಕಟ್ಟಿದ್ದು ಎಂದಾಗುವುದಿಲ್ಲ.

ಗೆಳೆಯರ 'ಎಲ್ಲ ಡೂಪ್ಲಿಕೇಟೇ' ಎಂಬ ಮಾತೂ ಅಷ್ಟೇ ಅರೆಬೆಂದದ್ದು. ರೇಸ್ ಕಾರಿನ ಬದುಕು ಊರ ತೇರಿನ ಥರ: ಒಂದು ವರ್ಷ ಗಾಲಿ, ಒಂದು ವರ್ಷ ಹಲಗೆ ಬದಲಾದರೂ ತೇರು ಅದೇ. ಗೋಡೆಗೆ ಉಜ್ಜಿದ ಬಲಗಡೆಯ ತಗಡು ಒಂದೇ ಸೀಸನ್ನಿನಲ್ಲಿ ಹಲವು ಸಲ ಬದಲಾಗುತ್ತಿತ್ತು. 1967ರ ಫೇರ್‌ಲೇನಿಗೂ ಅದರ ನಂತರ ಬಂದ 1968ರ ಟೊರಿನೋಗೂ ವೀಲ್‌ಬೇಸ್ ಒಂದೇ, 116 ಇಂಚು. ಹಾಗಾಗಿ ದೊಡ್ಡ ತಂಡದವರಿಗೆ ಹಳೆಯ ಮುಂಭಾಗವನ್ನು ಹೊಸ ಬಾಡಿಗೆ ಸೇರಿಸುವುದು ಸುಲಭವಿತ್ತು. ಮಾರುವವರಿಗೆ ಕೇಳಬೇಕಾದ ಒಳ್ಳೆಯ ಪ್ರಶ್ನೆ ಇಲ್ಲೇ ಇದೆ: 69ರ ತನಕ ಓಡಿದ ಕಾರಿನ ಮೇಲೆ ಇನ್ನೂ 67ರ ಬಾಡಿ ಯಾಕಿದೆ? ಹಣವಿಲ್ಲದ ಸ್ವತಂತ್ರ ಚಾಲಕನೊಬ್ಬ ಹಳೆಯ ಬಾಡಿಯಲ್ಲೇ ಎಳೆದಾಡಿರಬಹುದು, ಅದು ನಂಬಬಹುದಾದ ಉತ್ತರ. ಅಥವಾ ಕಾರು ಟೊರಿನೋ ಆಗಿ, ಸಣ್ಣ ಟ್ರ್ಯಾಕಿಗೆ ಹೋಗಿ, ಹಿತ್ತಲಲ್ಲಿ ಬಿದ್ದು, ಈಚೆಗೆ ಯಾರೋ ಅದಕ್ಕೆ ಫೇರ್‌ಲೇನ್ ಬಾಡಿ ಹೊದಿಸಿರಬಹುದು. ಎರಡನೆಯದರಲ್ಲೂ ಮುಂಭಾಗ ಅಸಲಿಯೇ ಇರಬಹುದು. ಆದರೆ ಬೆಲೆ ಒಂದೇ ಇರಬಾರದು.

ಇಂಥ ವಿಷಯದಲ್ಲಿ ಕಥೆಗಳು ಹೇಗೆ ಬೆಳೆಯುತ್ತವೆ ಎನ್ನುವುದಕ್ಕೆ ರೇಸ್ ಮೆಕ್ಯಾನಿಕ್ ಸ್ಮೋಕಿ ಯೂನಿಕ್ ಅವರ ಶೆವರ್ಲೆ ಶೆವೆಲ್ ಸಾಕು. 1967ರ ಡೇಟೋನಾದಲ್ಲಿ ಕರ್ಟಿಸ್ ಟರ್ನರ್ ಅದನ್ನು ಗಂಟೆಗೆ 180.831 ಮೈಲಿ ಓಡಿಸಿ ಪೋಲ್, ಅಂದರೆ ಸಾಲಿನ ಮೊದಲ ಜಾಗ, ಹಿಡಿದರು. ಕಾರನ್ನು ಎಂಟರಲ್ಲಿ ಏಳು ಪಾಲಿನ ಗಾತ್ರಕ್ಕೆ ಕಟ್ಟಿದ್ದರು ಎಂಬ ಮಾತು ಅಂದಿನಿಂದ ಓಡಾಡುತ್ತಿದೆ. ಅದು ದಂತಕಥೆ. ಆಟ ಇದ್ದದ್ದು ಗಾತ್ರದಲ್ಲಲ್ಲ: ಫ್ರೇಮಿನ ಮೇಲೆ ಬಾಡಿ ಕೂತ ಜಾಗ, ತಗಡಿಗೆ ಅಂಟಿಸಿದಂತಿದ್ದ ಬಂಪರ್, ನುಣುಪಾದ ಅಡಿಭಾಗ. ಫೋರ್ಡ್ ಕಂಪನಿಯೂ ಕಡಿಮೆಯೇನಿಲ್ಲ. 1969ರ ಟೊರಿನೋ ಟಲಡೇಗಾದಲ್ಲಿ ಬಾಗಿಲ ಕೆಳಗಿನ ರಾಕರ್ ಪ್ಯಾನೆಲನ್ನು ಸುಮಾರು ಒಂದು ಇಂಚು ಮೇಲಕ್ಕೆ ಮಡಿಚಿತ್ತು. ನೆಲದಿಂದ ಎತ್ತರ ಅಳೆಯುತ್ತಿದ್ದುದು ಅಲ್ಲಿಂದ. ಮಡಿಚಿದಷ್ಟು ಕಾರು ಕೆಳಗಿಳಿಯಿತು, ನಿಯಮವೂ ಮುರಿಯಲಿಲ್ಲ. ಇದನ್ನು ಅರಿಯದೆ ಪ್ರತಿಕೃತಿ ಕಟ್ಟುವವರು ರಾಕರ್ ಮಟ್ಟ ಹಿಡಿದು ಕಾರಿನ ಎತ್ತರ ಇಟ್ಟುಬಿಡುತ್ತಾರೆ. ಆಮೇಲೆ ಆರ್ಮುಗಳ ಕೋನವೆಲ್ಲ ತಪ್ಪು.

ಅರ್ಧ ಇಂಚಿನ ವ್ಯತ್ಯಾಸ

ಇದನ್ನು ಬಿಡಿಸಿ ನೋಡೋಣ. ಎಡಕ್ಕೇ ತಿರುಗುವ ಕಾರನ್ನು ಎರಡೂ ಬದಿ ಸಮ ಇಟ್ಟು ಕಟ್ಟುವುದಿಲ್ಲ. ಬಲ ಮುಂಚಕ್ರಕ್ಕೆ ಕ್ಯಾಸ್ಟರ್ (ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲುವ ಕೋನ) ಹೆಚ್ಚು ಕೊಡುತ್ತಾರೆ, ಕಾರು ತಾನೇ ಎಡಕ್ಕೆ ವಾಲಲಿ ಎಂದು. ಈ ಸಸ್ಪೆನ್ಷನ್ನಿನಲ್ಲಿ ಕ್ಯಾಸ್ಟರ್ ಹೆಚ್ಚಿಸುವುದೆಂದರೆ ಸ್ಟ್ರಟ್ ರಾಡ್ ಬಿಗಿದು ಆರ್ಮಿಗೆ ಸ್ಪಿಂಡಲ್ ಸೇರುವ ಕೆಳಗಿನ ಬಾಲ್ ಜಾಯಿಂಟನ್ನು ಮುಂದಕ್ಕೆ ಎಳೆಯುವುದು. ಚಕ್ರವೂ ಮುಂದೆ ಹೋಗುತ್ತದೆ, ಬಲಗಡೆಯ ವೀಲ್‌ಬೇಸ್ ಉದ್ದವಾಗುತ್ತದೆ. ನೀವು ಕಂಡದ್ದು ಇದೇ ದಿಕ್ಕಿನ ವ್ಯತ್ಯಾಸ.

ಆದರೆ ಎಷ್ಟು? ಎರಡು ಬಾಲ್ ಜಾಯಿಂಟುಗಳ ನಡುವೆ 10 ಇಂಚು ಇದೆ ಎಂದಿಟ್ಟುಕೊಳ್ಳಿ. ಒಂದು ಡಿಗ್ರಿಗೆ ಕೆಳಗಿನದು 0.175 ಇಂಚು ಸರಿಯುತ್ತದೆ, ಚಕ್ರದ ಮಧ್ಯ ಅದರ ಅರ್ಧದಷ್ಟು, ಅಂದರೆ ಸುಮಾರು 2 ಮಿಲಿಮೀಟರ್. ಎಡಬಲದ ಅಂತರ ಮೂರು ಡಿಗ್ರಿ ಇದ್ದರೂ ಕಾಲು ಇಂಚಿನ ಆಸುಪಾಸು. ಉಳಿದ ಕಾಲು ಇಂಚಿಗೆ ಬೇರೆ ಕಾರಣ ಬೇಕು: ಹಿಂದಿನ ಆ್ಯಕ್ಸಲ್ ಓರೆಯಾಗಿ ಕೂತಿರಬಹುದು, ಲೀಫ್ ಸ್ಪ್ರಿಂಗಿನ ಸೆಂಟರ್ ಬೋಲ್ಟ್ ಸರಿದಿರಬಹುದು, ಸ್ಟ್ರಟ್ ರಾಡಿನ ಬುಷ್ ತಿಂದುಹೋಗಿರಬಹುದು, ಅಥವಾ ಗೆಳೆಯರು ಹೇಳಿದಂತೆ ಹೊಡೆತ ಬಿದ್ದಿರಬಹುದು.

ಹಾಗಾಗಿ ಚಕ್ರದಿಂದ ಅಳೆಯಬೇಡಿ, ಫ್ರೇಮಿನಿಂದ ಅಳೆಯಿರಿ. ಕಾಂಕ್ರೀಟ್ ನೆಲದಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ಕಾರು ಇಟ್ಟು, ರಸಮಟ್ಟ ಹಿಡಿದು ಎಡಬಲ ಮಟ್ಟ ಮಾಡಿ. ಕೆಳಗಿನ ಆರ್ಮಿನ ಬೋಲ್ಟ್ ತೂತು, ಸ್ಟ್ರಟ್ ರಾಡಿನ ತೂತು, ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣು, ಹೀಗೆ ಎರಡೂ ಕಡೆ ಜೋಡಿಯಾಗಿರುವ ಜಾಗಗಳಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಚುಕ್ಕೆ ಗುರುತಿಸಿ. ಕಾರು ತಳ್ಳಿ ಆಚೆಗಿಟ್ಟು, ಚುಕ್ಕೆಯಿಂದ ಚುಕ್ಕೆಗೆ ಓರೆ ಅಳತೆ ತೆಗೆಯಿರಿ. ಎರಡು ಓರೆಗಳ ನಡುವೆ 3 ಮಿಲಿಮೀಟರ್ ಒಳಗೆ ವ್ಯತ್ಯಾಸ ಇದ್ದರೆ ಫ್ರೇಮ್ ನೆಟ್ಟಗಿದೆ ಎಂದೇ ಲೆಕ್ಕ. 6ಕ್ಕಿಂತ ಹೆಚ್ಚಾಗಿ, ಫ್ರೇಮಿನ ಬದಿಯಲ್ಲಿ ಸುಕ್ಕು ಅಥವಾ ಪಟ್ಟಿ ಬೆಸೆದ ಗುರುತೂ ಇದ್ದರೆ ಹೊಡೆತ ಬಿದ್ದಿದೆ. ಸುಕ್ಕಿಲ್ಲದೆ ಅಳತೆ ಮಾತ್ರ ತಪ್ಪಿದ್ದರೆ, ಬೆಸೆಯುವಾಗಲೇ ಬೇಕೆಂದೋ ಅಜಾಗರೂಕತೆಯಿಂದಲೋ ಹಾಗೆ ಕೂರಿಸಿರುವ ಸಾಧ್ಯತೆ ಹೆಚ್ಚು.

ವೆಲ್ಡಿಂಗ್ ಏನು ಹೇಳುತ್ತದೆ

ಎರಡು ಥರದ ವೆಲ್ಡಿಂಗ್ ಕಂಡದ್ದು ಒಳ್ಳೆಯ ಸುದ್ದಿ. ಎಲ್ಲವೂ ಒಂದೇ ಥರ, ಒಂದೇ ವಯಸ್ಸಿನದಾಗಿದ್ದರೆ ನಾನು ಹೆಚ್ಚು ಅನುಮಾನ ಪಡುತ್ತಿದ್ದೆ. ಆ ಕಾಲದ ಆರ್ಕ್ ವೆಲ್ಡಿಂಗಿನ ಸಾಲು ಅಗಲ, ಪಕ್ಕದಲ್ಲಿ ಕಿಡಿಯ ಹನಿಗಳು, ಸಂದಿಗಳಲ್ಲಿ ಉಳಿದ ಸ್ಲ್ಯಾಗ್. ನಂತರ ಸಣ್ಣ ಗ್ಯಾರೇಜುಗಳಿಗೂ ಬಂದ ಮಿಗ್ ವೆಲ್ಡಿಂಗಿನ ಸಾಲು ಕಿರಿದು, ಉಬ್ಬು, ಸ್ಲ್ಯಾಗ್ ಇಲ್ಲ. ಮುಂಭಾಗ ಫೈರ್‌ವಾಲ್ ಹತ್ತಿರ ಸೇರುವ ಮೂಲ ಜಾಗದಲ್ಲಿ ಹಳೆಯ ಥರದ್ದಿದ್ದು, ಬಾಗಿಲ ಬಾರುಗಳಲ್ಲಿ ಮಿಗ್ ಇದ್ದರೆ ಕಾರು ಬದುಕಿದ್ದ ಕ್ರಮಕ್ಕೆ ಅದು ಹೊಂದುತ್ತದೆ. ಬಾಗಿಲ ಬಾರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋದವು. ತಿರುಗುಮುರುಗಾಗಿದ್ದು ಮೂಲ ಬೆಸುಗೆಯೇ ಮಿಗ್ ಆಗಿದ್ದರೆ, ಮುಂಭಾಗವನ್ನು ಈ ಬಾಡಿಗೆ ಹಾಕಿದ್ದು ಈಚೆಗೆ. ಇದು ಸುಳಿವು, ಪುರಾವೆಯಲ್ಲ. ಗ್ರೈಂಡರ್ ಹಿಡಿದು ಪುಟ್ಟಿ ತುಂಬಿದ ಜಾಯಿಂಟ್ ಇದ್ದರೆ ಸುಳಿವೂ ಅಲ್ಲ, ಅಲ್ಲಿ ಬಣ್ಣ ಕೆರೆಯಲು ಅನುಮತಿ ಕೇಳಿ. ಅನುಮತಿ ಕೊಡದಿದ್ದರೆ ಅದೇ ಉತ್ತರ.

ಕೇಜಿನ ಟ್ಯೂಬಿಗೆ ವರ್ನಿಯರ್ ಹಿಡಿಯಿರಿ. ಹೊರವ್ಯಾಸ 1.750 ಇಂಚು ಬಂದರೆ ಅದು ಟ್ಯೂಬು. 1.660 ಅಥವಾ 1.900 ಬಂದರೆ ನೀರಿನ ಪೈಪು: ಪೈಪಿನ ಅಳತೆ ಒಳವ್ಯಾಸದ ಹೆಸರಿನಲ್ಲಿ ನಡೆಯುವುದರಿಂದ ಒಂದೂಕಾಲು, ಒಂದೂವರೆ ಇಂಚಿನ ಪೈಪಿಗೆ ಈ ಹೊರವ್ಯಾಸ. ಆ ಕಾಲದಲ್ಲಿ ಪೈಪಿನ ಕೇಜುಗಳೂ ಇದ್ದವು, ಆದರೆ ಹೋಲ್ಮನ್-ಮೂಡಿ ಮಟ್ಟದ ಕಾರಿನಲ್ಲಿ ಅದನ್ನು ನಾನು ನಿರೀಕ್ಷಿಸುವುದಿಲ್ಲ. ಟ್ಯೂಬಿನಲ್ಲಿ ಸುಮಾರು 1/8 ಇಂಚಿನ ಒಂಟಿ ತೂತುಗಳು ಕಂಡರೆ ಖುಷಿಪಡಿ. ಗೋಡೆಯ ದಪ್ಪ ನೋಡಲು ತಪಾಸಣೆಯವರಿಗಾಗಿ ಕೊರೆದವು ಅವು, ಪ್ರದರ್ಶನಕ್ಕೆ ಕಟ್ಟಿದ ಕಾರಿನಲ್ಲಿ ಯಾರೂ ಅವನ್ನು ಕೊರೆಯುವುದಿಲ್ಲ.

ಕೊನೆಯದಾಗಿ ಫೋಟೋ. ಆ ಕಾಲದ ಎಂಜಿನ್ ಬೇ ಚಿತ್ರ ಸಿಕ್ಕರೆ ಬಣ್ಣ ನೋಡಬೇಡಿ. ಫೈರ್‌ವಾಲಿನ ತೂತುಗಳ ಜಾಗ, ತೇಪೆಯ ಆಕಾರ, ಕೇಜಿನ ಮುಂದಿನ ಬಾರು ಫ್ರೇಮಿಗೆ ಸೇರುವ ಕೋನ, ಇವನ್ನು ಹೋಲಿಸಿ. ಕೈಯಲ್ಲಿ ಕತ್ತರಿಸಿದ ತೇಪೆ ಎರಡು ಕಾರುಗಳಲ್ಲಿ ಒಂದೇ ಥರ ಇರುವುದಿಲ್ಲ. ನೀವು ಇರುವ ಊರಿನಲ್ಲೇ ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಇದೆ, ಲೆವೆಲ್ ಕ್ರಾಸಿನ ಪೆಟ್ಟಿ ಮ್ಯೂಸಿಯಂ, ವರ್ಜೀನಿಯಾದ ಸ್ಟುವರ್ಟ್‌ನಲ್ಲಿ ವುಡ್ ಬ್ರದರ್ಸ್ ಮ್ಯೂಸಿಯಂ ಕಾರಿನಲ್ಲಿ ಹೋಗಿ ಬರುವಷ್ಟು ದೂರ. ಒಂದು ಶನಿವಾರ ಅಲ್ಲಿ ಬಗ್ಗಿ ನೋಡಿದರೆ ಕಣ್ಣು ಪಳಗುತ್ತದೆ.

ಓಡಿಸುವ ಮಾತು

ಅಸಲಿ ಎಂದು ಖಚಿತವಾದರೂ ಹಾಗೇ ಓಡಿಸಬೇಡಿ. ಬಿರುಕು ಬಿಡುವ ಜಾಗಗಳು ಗೊತ್ತಿರುವಂಥವೇ: ಸ್ಟಿಯರಿಂಗ್ ಬಾಕ್ಸ್ ಬೋಲ್ಟ್ ಆಗುವ ಫ್ರೇಮಿನ ಬದಿ, ಮೇಲಿನ ಆರ್ಮಿನ ಮೌಂಟ್, ಶಾಕ್ ಮೌಂಟುಗಳು, ಮುಂಭಾಗ ಫ್ಲೋರಿಗೆ ಸೇರುವ ಬೆಸುಗೆಯ ಅಂಚು, ಹಿಂದೆ ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣು ಕೂತ ಪೆಟ್ಟಿಗೆ. ಬಿರುಕು ಬರುವುದು ವೆಲ್ಡಿನ ಮಧ್ಯದಲ್ಲಲ್ಲ, ಅದರ ಪಕ್ಕದಲ್ಲಿ ಬಿಸಿ ತಿಂದ ಲೋಹದಲ್ಲಿ. ಬಣ್ಣ ತೆಗೆದು, ಡೈ ಪೆನಿಟ್ರಂಟ್ ಹಚ್ಚಿ 10ರಿಂದ 20 ನಿಮಿಷ ಬಿಟ್ಟು, ಒರೆಸಿ, ಡೆವಲಪರ್ ಸಿಂಪಡಿಸಿದರೆ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಕಾಣುತ್ತದೆ. ಸ್ಪಿಂಡಲ್, ಸ್ಟಿಯರಿಂಗ್ ಆರ್ಮ್, ಹಬ್ ಮೂರನ್ನೂ ಬಿಚ್ಚಿ ಮ್ಯಾಗ್ನಾಫ್ಲಕ್ಸ್ (ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ. ಬಿರುಕಿರುವ ಸ್ಪಿಂಡಲನ್ನು ಬೆಸೆಯಲು ಯಾರಾದರೂ ಒಪ್ಪಿದರೆ ಆ ಗ್ಯಾರೇಜಿಗೆ ಮತ್ತೆ ಹೋಗಬೇಡಿ. ಅದನ್ನು ಗೋಡೆಗೆ ನೇತುಹಾಕಿ ಹೊಸದು ಹಾಕಿಸಿ.

ಫ್ಯೂಯಲ್ ಸೆಲ್, ಅಂದರೆ ರೇಸ್ ಕಾರಿನ ಪೆಟ್ರೋಲ್ ಟ್ಯಾಂಕು, ಹಳೆಯದಾದಷ್ಟೂ ಅಪಾಯ. 1964ರಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಶಾರ್ಲಟ್ ರೇಸಿನ ಬೆಂಕಿಯಲ್ಲಿ ಸುಟ್ಟು, ಕೆಲವು ವಾರಗಳ ಬಳಿಕ ತೀರಿಕೊಂಡರು. ರಬ್ಬರ್ ಚೀಲದ ಸೆಲ್ ಬಂದದ್ದು ಅಂಥ ಸಾವುಗಳ ನಂತರ. ಆ ಚೀಲಕ್ಕೂ ಆಯಸ್ಸಿದೆ: ಅಂತರರಾಷ್ಟ್ರೀಯ ಮೋಟಾರು ರೇಸ್ ಸಂಸ್ಥೆ ಎಫ್‌ಐಎಯ ಎಫ್‌ಟಿ3 ದರ್ಜೆಯದಕ್ಕೆ ತಯಾರಾದ ದಿನದಿಂದ ಐದು ವರ್ಷ. ಒಳಗಿನ ಫೋಮ್ ಪುಡಿಯಾಗಿ ಪೆಟ್ರೋಲ್ ದಾರಿ ಕಟ್ಟುವುದು ಇದರ ಮೊದಲ ಸೂಚನೆ. ಡಬ್ಬ ಹಳೆಯದೇ ಇರಲಿ, ಚೀಲ ಹೊಸದಿರಲಿ. ಸೀಟು, ಬೆಲ್ಟು, ಕಿಟಕಿ ಬಲೆಯೂ ಹೊಸವೇ ಇರಲಿ. ಬಲೆ 67ರ ಕಾರಿಗೆ ಹೊಂದುವುದಿಲ್ಲ ಎನ್ನುವವರಿದ್ದಾರೆ. 1970ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ಕಾರು ಉರುಳುವಾಗ ರಿಚರ್ಡ್ ಪೆಟ್ಟಿ ಅವರ ತೋಳು ಕಿಟಕಿಯಿಂದ ಹೊರಗೆ ಬಡಿಯುತ್ತಿದ್ದ ಚಿತ್ರವನ್ನು ಅವರಿಗೆ ತೋರಿಸಿ.

ನೀವೇ ಕಟ್ಟುವುದಾದರೆ

ಸೈಲೆನ್ಸರ್ ಪೈಪಿನ ಯೋಚನೆ ಇವತ್ತೇ ಬಿಡಿ. ಅದು ಸಾಮಾನ್ಯವಾಗಿ 16 ಗೇಜ್, ಅಂದರೆ ಸುಮಾರು 1.65 ಮಿಲಿಮೀಟರ್ ಗೋಡೆ. ಆ ಅಂಗಡಿಯ ಬೆಂಡಿಂಗ್ ಮೆಷೀನ್ ತಿರುವಿನ ಒಳಗಡೆ ಸುಕ್ಕು ಹುಟ್ಟಿಸುತ್ತದೆ, ಕೇಜು ಮಡಿಚುವುದು ಅಲ್ಲೇ. ಡಿಒಎಂ (ಅಚ್ಚಿನ ಮೇಲೆ ಎಳೆದ ಟ್ಯೂಬು) ಅಥವಾ ಸೀಮ್‌ಲೆಸ್ (ಬೆಸುಗೆಯಿಲ್ಲದ) ಮೈಲ್ಡ್ ಸ್ಟೀಲ್, 1.75 ಇಂಚು ವ್ಯಾಸ, 0.095 ಇಂಚು ಗೋಡೆ ತಗೊಳ್ಳಿ. ಮೀಟರಿಗೆ ಸುಮಾರು 2.5 ಕೆ.ಜಿ. ಭದ್ರತೆಗೆಂದು ಎಲ್ಲ ಕಡೆ 0.120 ಹಾಕಿದರೆ ಮೀಟರಿಗೆ 3.1 ಕೆ.ಜಿ., 40 ಮೀಟರ್ ಟ್ಯೂಬಿಗೆ 24 ಕೆ.ಜಿ. ಹೆಚ್ಚು, ಅದರಲ್ಲಿ ಬಹುಪಾಲು ತಲೆಯ ಮಟ್ಟದಲ್ಲಿ. ಬಾಗುವಿನ ತ್ರಿಜ್ಯ ಟ್ಯೂಬಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಬೇಡ. ಬಾಗಿದ ಜಾಗದಲ್ಲಿ ಸಣ್ಣ ವ್ಯಾಸವನ್ನು ದೊಡ್ಡದರಿಂದ ಭಾಗಿಸಿದರೆ 0.9ಕ್ಕಿಂತ ಕೆಳಗೆ ಬರಬಾರದು. ಎಫ್‌ಐಎ ನಿಯಮವೂ ಇದೇ. ಕೊಳ್ಳುವ ಮೊದಲು ನೀವು ಓಡಿಸಬೇಕೆಂದಿರುವ ಈವೆಂಟಿನ ನಿಯಮ ಪುಸ್ತಕ ನೋಡಿ. ಒಬ್ಬೊಬ್ಬ ಆಯೋಜಕರ ಕನಿಷ್ಠ ದಪ್ಪ ಬೇರೆ.

ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟುಗಳಿಗೆ ಅಡ್ಡಲಾಗಿ ಒಂದು ಇಂಚಿನ ಚೌಕ ಟ್ಯೂಬು ಬೆಸೆಯಿರಿ, ಎಡದಿಂದ ಬಲಕ್ಕೂ ಒಂದು. ಈ ಕೆಲಸ ಬಿಟ್ಟವರ ಕಾರು ಫೈರ್‌ವಾಲ್ ಕತ್ತರಿಸಿದ ಕ್ಷಣ ಮಧ್ಯದಲ್ಲಿ ಕುಸಿಯುತ್ತದೆ, ಬಾಗಿಲು ಮತ್ತೆ ಕೂರುವುದಿಲ್ಲ, ಟಿಂಕರಿಂಗ್ ಮಾಡುವವರು ವಾರಗಟ್ಟಲೆ ಒದ್ದಾಡುತ್ತಾರೆ.

ಗ್ಯಾಲಕ್ಸಿಯ ವೀಲ್‌ಬೇಸ್ 119 ಇಂಚು, ಫೇರ್‌ಲೇನಿನದು 116. ಹಾಗಾಗಿ ಫ್ರೇಮಿನ ತುದಿ ಹಿಡಿದು ಕೂರಿಸಬೇಡಿ. ಹಿಂದಿನ ಆ್ಯಕ್ಸಲ್ ಮಧ್ಯದಿಂದ 116 ಇಂಚು ಅಳೆದು ಸ್ಪಿಂಡಲಿನ ಮಧ್ಯ ಅಲ್ಲಿಗೆ ಬರುವಂತೆ ಇಟ್ಟು, ಫ್ರೇಮಿನ ಉದ್ದನೆಯ ಬದಿಯನ್ನು (ರೈಲು) ಅದಕ್ಕೆ ತಕ್ಕಂತೆ ಕತ್ತರಿಸಿ. ಎತ್ತರ ನಿರ್ಧಾರವಾಗಬೇಕಾದದ್ದು ನೀವು ನಿಜವಾಗಿ ಹಾಕುವ ಟೈರಿನ ಮೇಲೆ, ಕೆಳಗಿನ ಆರ್ಮ್ ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿ ಇರುವಂತೆ. ರೈಲಿನ ಜಾಯಿಂಟನ್ನು ನೆಟ್ಟಗೆ ಅಡ್ಡ ಕತ್ತರಿಸಿ ಬೆಸೆದರೆ ಅದೇ ಗೆರೆಯಲ್ಲಿ ಮುರಿಯುತ್ತದೆ. 45 ಡಿಗ್ರಿ ಓರೆ ಕತ್ತರಿಸಿ, ಒಳಗೆ ಕೂರುವ ತುಂಡು (ಸ್ಲೀವ್) ತೂರಿಸಿ, ಹೊರಗೆ ವಜ್ರಾಕೃತಿಯ ಪಟ್ಟಿ ಹಾಕಿ. ಪಟ್ಟಿಯ ದಪ್ಪ ಹಳೆಯ ರೈಲಿನಷ್ಟೇ ಇರಲಿ. ದಪ್ಪ ಹೆಚ್ಚಾದರೆ ಅದರ ಅಂಚಿನಲ್ಲಿ ಬಿರುಕು ಶುರು.

ಕೇಜಿನ ಮುಂದಿನ ಎರಡು ಬಾರುಗಳು ಫೈರ್‌ವಾಲ್ ದಾಟಿ ಸ್ಪ್ರಿಂಗ್ ಮೌಂಟಿನ ಹತ್ತಿರ ಫ್ರೇಮಿಗೆ ಇಳಿಯಬೇಕು. ಹಾಫ್ ಚಾಸಿಯನ್ನು ಬಾಡಿಯೊಂದಿಗೆ ನಿಜವಾಗಿ ಕಟ್ಟಿಹಾಕುವುದು ಅವೇ. ಹಲವು ಪ್ರತಿಕೃತಿಗಳಲ್ಲಿ ಇವನ್ನು ಎಂಜಿನ್ ಬೇ ಚೆನ್ನಾಗಿ ಕಾಣಲಿ ಎಂದು ಬಿಟ್ಟಿರುತ್ತಾರೆ. ಎರಡು ಸೀಸನ್ನಿಗೆ ವಿಂಡ್‌ಶೀಲ್ಡ್ ಮೂಲೆಯಲ್ಲಿ ತಗಡು ಹರಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಪ್ರತಿಕೃತಿಗಳು ಸೋಲುವುದು ಬಂಪ್ ಸ್ಟಿಯರ್‌ನಲ್ಲಿ: ಚಕ್ರ ಮೇಲೆ ಕೆಳಗೆ ಹೋದಾಗ ತಾನೇ ತಿರುಗುವುದು. ಗ್ಯಾಲಕ್ಸಿಯ ಸ್ಟಿಯರಿಂಗ್ ಬಾಕ್ಸ್ ಸಿಗಲಿಲ್ಲವೆಂದು ಬೇರೆಯದು ಹಾಕಿ, ಲಿಂಕೇಜ್ ಅರ್ಧ ಇಂಚು ಮೇಲೋ ಕೆಳಗೋ ಕೂತರೆ ಸಾಕು, ಗಂಟೆಗೆ 100 ಮೈಲಿಯಲ್ಲಿ ಕಾರು ತನ್ನಿಷ್ಟದಂತೆ ಅಲೆಯುತ್ತದೆ. ಸ್ಪ್ರಿಂಗ್ ತೆಗೆದು, ಸ್ಟಿಯರಿಂಗ್ ನಡುವಿನಲ್ಲಿ ಲಾಕ್ ಮಾಡಿ, ಹಬ್ಬಿಗೆ ನೇರ ಪಟ್ಟಿ ಬಿಗಿದು, ಜ್ಯಾಕಿನಿಂದ ಅರ್ಧ ಅರ್ಧ ಇಂಚಿನಂತೆ 2 ಇಂಚು ಮೇಲಕ್ಕೆ, 2 ಇಂಚು ಕೆಳಕ್ಕೆ ಸರಿಸುತ್ತಾ ಡಯಲ್ ಗೇಜ್ ಓದಿ. ಇಂಚಿಗೆ 0.020 ಇಂಚಿಗಿಂತ ಹೆಚ್ಚು ಬಂದರೆ ಟೈ ರಾಡಿನ ತುದಿಯ ಎತ್ತರವನ್ನು ಶಿಮ್ ಹಾಕಿ ಬದಲಿಸಿ. ಬಣ್ಣ ಹೊಡೆಯುವ ಮುಂಚೆ ಈ ಕೆಲಸ ಮುಗಿದಿರಬೇಕು, ಏಕೆಂದರೆ ಶಿಮ್‌ನಲ್ಲಿ ಸರಿಹೋಗದಿದ್ದರೆ ಬಾಕ್ಸಿನ ಮೌಂಟನ್ನೇ ಕತ್ತರಿಸಿ ಮತ್ತೆ ಬೆಸೆಯಬೇಕಾಗುತ್ತದೆ.

1970ರ ದಶಕದ ಮಾದರಿಯತ್ತ ನಿಮ್ಮ ಮನಸ್ಸು ಹೊರಳಿದರೆ ಒಂದು ಎಚ್ಚರಿಕೆ. ಬ್ಯಾಂಜೋ ಮ್ಯಾಥ್ಯೂಸ್, ಹಚರ್ಸನ್-ಪೇಗನ್ ಮುಂತಾದವರು ಇಡೀ ಫ್ರೇಮನ್ನೇ ಚೌಕ ಟ್ಯೂಬಿನಲ್ಲಿ ಕಟ್ಟಿ ಮಾರುವ ಕಾಲ ಅದು, ಹಿಂದಿನ ಸಸ್ಪೆನ್ಷನ್ನಿಗೆ ಶೆವರ್ಲೆ ಪಿಕಪ್ಪಿನ ಟ್ರಕ್ ಆರ್ಮ್. ಎರಡು ಚಾನೆಲ್‌ಗಳನ್ನು ಬೆನ್ನಿಗೆ ಬೆನ್ನು ಸೇರಿಸಿದ ಆ ಆರ್ಮ್ ತಿರುಚಿಕೊಳ್ಳಬೇಕು, ಕಾರು ವಾಲಿದಾಗ ಆ್ಯಕ್ಸಲ್ ಓಲಾಡುವುದು ಆ ತಿರುಚಿನಿಂದಲೇ. ಗಟ್ಟಿಯಾಗಲಿ ಎಂದು ಬದಿಗಳಿಗೆ ತಗಡು ಬೆಸೆದು ಪೆಟ್ಟಿಗೆ ಮಾಡಿದರೆ ಆರ್ಮೇ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರಾಗಿ, ಹಿಂದಿನ ಚಕ್ರ ತಿರುವಿನಲ್ಲಿ ಹಿಡಿತ ಬಿಡುತ್ತದೆ, ಮೌಂಟುಗಳು ಕಿತ್ತುಬರುತ್ತವೆ.

ಈಗ ನಿಮ್ಮ ಕೊಳ್ಳಲೋ, ಕಟ್ಟಲೋ, ಬಿಡಲೋ. ನನ್ನ ಒಲವು ಕೊಳ್ಳುವ ಕಡೆಗಿದೆ, ಆದರೆ ಕೇಳಿದ ಬೆಲೆಗಲ್ಲ. ಟೈ ರಾಡ್ ಹಿಂದಿದ್ದು, ಮೂಲ ಬೆಸುಗೆ ಹಳೆಯದಾಗಿದ್ದು, ಓರೆ ಅಳತೆ ಕೂಡಿಬಂದರೆ 'ಇತಿಹಾಸ ಖಚಿತವಿಲ್ಲದ ಹಳೆಯ ರೇಸ್ ಕಾರು' ಎಂಬ ಲೆಕ್ಕದಲ್ಲಿ ಬೆಲೆ ಕಟ್ಟಿ. ಫೋಟೋ ಅಥವಾ ಹಿಂದಿನ ಮಾಲೀಕರ ಕಾಗದದ ಸರಪಳಿ ಸಿಕ್ಕರೆ ಮಾತ್ರ ಮೇಲೆ ಹೋಗಿ. ಕೊಂಡ ಮೇಲೆ 67ರ ರೂಪಕ್ಕೆ ತರುತ್ತೇವೆಂದು ನಂತರದ ಬಾಗಿಲ ಬಾರುಗಳನ್ನು ಕತ್ತರಿಸಬೇಡಿ. ಅವೂ ಈ ಕಾರಿನದೇ, ನಿಮ್ಮ ಪಕ್ಕೆಲುಬಿಗೂ ಒಳ್ಳೆಯವು. ಅಳತೆ ಕೂಡಿಬರದಿದ್ದರೆ ಬಿಡಿ. ಸೊಟ್ಟ ಹಾಫ್ ಚಾಸಿಯನ್ನು ನೆಟ್ಟಗೆ ಮಾಡುವ ಖರ್ಚಿನಲ್ಲಿ ಹೊಸ ಮುಂಭಾಗವನ್ನೇ ಕಟ್ಟಬಹುದು. ಕಟ್ಟುವುದೇ ಆದರೆ ಮೊದಲ ದಿನದಿಂದ ಕಾಗದದಲ್ಲಿ ಅದನ್ನು ಪ್ರತಿಕೃತಿ ಎಂದೇ ಬರೆಯಿರಿ, ಪ್ರತಿ ಹಂತದ ಫೋಟೋ ಇಡಿ, ಫ್ರೇಮಿನ ಮೇಲೆ ಕಟ್ಟಿದ ವರ್ಷ ಒತ್ತಿ. ಒಂದು ಕಾರಿನ ಮುಂಭಾಗ ಒಬ್ಬರ ಬಳಿ, ಬಾಡಿ ಇನ್ನೊಬ್ಬರ ಬಳಿ ಸೇರಿ ಇಬ್ಬರೂ ಅದೇ ಕಾರು ತಮ್ಮದೆಂದು ಹೇಳುವ ಜಗಳಗಳು ಈ ಲೋಕದಲ್ಲಿ ಸಾಕಷ್ಟಿವೆ. ನಿಮ್ಮ ನಂತರ ಕೊಳ್ಳುವವರು ಅಂಥದಕ್ಕೆ ಸಿಕ್ಕಿಕೊಳ್ಳುವುದು ಬೇಡ.

ಮುಂಗಡ ಕೊಡುವ ಮೊದಲು ಬಿಲ್ ಆಫ್ ಸೇಲ್‌ನಲ್ಲಿ ಮಾರುವವರು ಏನು ಬರೆದುಕೊಡುತ್ತಾರೆ ಎಂದು ಕೇಳಿ. ರೇಸ್ ಕಾರುಗಳಿಗೆ ಎಷ್ಟೋ ಸಲ ಬೇರೆ ದಾಖಲೆಯೇ ಇರುವುದಿಲ್ಲ. 'ಹೋಲ್ಮನ್-ಮೂಡಿ ಕಟ್ಟಿದ್ದು' ಎಂದು ಬಾಯಲ್ಲಿ ಹೇಳಿ, ಕಾಗದದ ಮೇಲೆ '1967 ಫೋರ್ಡ್, ಇರುವ ಸ್ಥಿತಿಯಲ್ಲಿ' ಎಂದಷ್ಟೇ ಬರೆಯಲು ಒಪ್ಪಿದರೆ, ಕೊಡಬೇಕಾದ ದುಡ್ಡೂ ಆ ಸಾಲಿನಷ್ಟೇ.